ಇಲ್ಲದಿದ್ದರೆ ಮಾತ್ರ ಮಾಡು

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಬಂಡೀಪುರದ ಕಡೆ ಹೊರಟರೆ ಕಾಡು ಶುರುವಾಗುವ ಮೊದಲು ಹಂಗಳ ಸಿಗುತ್ತದೆ. ಈ ಊರಿನ ದನಗಳು ಒಂದು ಕಾಲಕ್ಕೆ ವಿಜ್ಞಾನ ಪತ್ರಿಕೆಯಲ್ಲಿ ಹೆಸರು ಮಾಡಿದವು. ವನ್ಯಜೀವಿ ವಿಜ್ಞಾನಿ ಎಂ. ಡಿ. ಮಧುಸೂದನ್ 2005ರಲ್ಲಿ ‘ಕನ್ಸರ್ವೇಶನ್ ಬಯಾಲಜಿ’ಯಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಹಿಂದೆ ಸ್ವಂತ ಹೊಲಕ್ಕೆ ಬೀಳುತ್ತಿದ್ದ ಸಗಣಿ, ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ಲಾರಿ ಹತ್ತಿ ಕಾಫಿ ತೋಟಗಳಿಗೆ ಹೋಗತೊಡಗಿತು. ಹೆಚ್ಚು ಹಾಲು ಕೊಡದ, ನೇಗಿಲಿಗೂ ಅಷ್ಟಕ್ಕಷ್ಟೇ ಆದ ನಾಟಿ ದನಗಳನ್ನು ಜನ ಸಗಣಿಗೆಂದೇ ಸಾಕತೊಡಗಿದರು. ಅವು ಕಾಡಂಚಿನಲ್ಲಿ ಮೇಯುವುದೂ ಹೆಚ್ಚಿತು.

ಮಧುಸೂದನ್ ಅವರ ಚಿಂತೆ ಕಾಡಿನದು. ನನ್ನ ಕುತೂಹಲ ದನದ ಹೊಟ್ಟೆಯದು. ಮಾಘ ಕಳೆದ ಮೇಲೆ ಆ ಸೀಮೆಯಲ್ಲಿ ದನಕ್ಕೆ ಸಿಗುವುದೇನು? ಬಿಸಿಲಿಗೆ ಒಣಗಿದ ಹುಲ್ಲು, ಮನೆಗೆ ಬಂದರೆ ರಾಗಿ ಹುಲ್ಲು, ಜೋಳದ ಕಡ್ಡಿ. ನೂರು ಗ್ರಾಂ ಒಣ ರಾಗಿ ಹುಲ್ಲಿನಲ್ಲಿ ಮೂರ್ನಾಲ್ಕು ಗ್ರಾಂ ಪ್ರೋಟೀನು ಇದ್ದರೆ ಹೆಚ್ಚು. ಅದನ್ನೇ ಮೆಲುಕು ಹಾಕಿ ದನ ಮಾಂಸ ಕಟ್ಟುತ್ತದೆ, ಕರು ಹಾಕುತ್ತದೆ, ಒಂದಿಷ್ಟು ಹಾಲನ್ನೂ ಕೊಡುತ್ತದೆ. ನಾವೋ, ಮುದ್ದೆಯೊಂದನ್ನೇ ತಿಂದು ಇರಲಾರೆವು. ಹುರುಳಿ ಸಾರೋ ಅವರೆಕಾಳೋ ಮೀನೋ ಪಕ್ಕಕ್ಕೆ ಬೇಕು. ಪ್ರೋಟೀನು ಕಟ್ಟಲು ಬೇಕಾದ 20 ಬಗೆಯ ಅಮೈನೊ ಆಮ್ಲಗಳಲ್ಲಿ ಒಂಬತ್ತನ್ನು ನಮ್ಮ ಮೈ ತಯಾರಿಸಲಾರದು, ಅವು ತಟ್ಟೆಯಿಂದಲೇ ಬರಬೇಕು. ದನದ ಮೈಗೂ ಹೆಚ್ಚು ಕಡಿಮೆ ಇದೇ ಬಡತನ. ಹಾಗಾದರೆ ಒಣಹುಲ್ಲಿನಿಂದ ಅದು ಬದುಕುವ ಗುಟ್ಟೇನು?

ಮೆಲುಕುಚೀಲದ ಒಳಗೆ

ಗುಟ್ಟು ಅರ್ಧ ಎಲ್ಲರಿಗೂ ಗೊತ್ತು: ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ. ಮೊದಲ ಕೋಣೆ ಮೆಲುಕುಚೀಲ, ಪಶುವೈದ್ಯರ ಬಾಯಲ್ಲಿ ರೂಮೆನ್. ಅದರಲ್ಲಿನ ಒಂದು ಮಿಲಿಲೀಟರು ರಸದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾ ಇರುತ್ತವೆ. ನಾರನ್ನು ಕರಗಿಸುವುದು ಅವುಗಳ ಕೆಲಸವೆಂದು ಶಾಲೆಯಲ್ಲಿ ಓದುತ್ತೇವೆ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ನಾರಿನಿಂದ ಬಂದ ಇಂಗಾಲಕ್ಕೆ ಅಮೋನಿಯಾದ ಸಾರಜನಕವನ್ನು ಸೇರಿಸಿ ಅವುಗಳಲ್ಲಿ ಬಹುಪಾಲು ತಮಗೆ ಬೇಕಾದ ಅಮೈನೊ ಆಮ್ಲಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ. ಈ ಅಮೋನಿಯಾ ಒದಗಲೆಂದು, ಮೂತ್ರವಾಗಿ ಹೋಗಬೇಕಾದ ಯೂರಿಯಾದಲ್ಲಿ ಒಂದು ಪಾಲನ್ನು ದನ ಜೊಲ್ಲಿನ ಮೂಲಕ ಮತ್ತೆ ಮೆಲುಕುಚೀಲಕ್ಕೇ ಇಳಿಸುತ್ತದೆ. ಹೀಗೆ ಬೆಳೆದ ಬ್ಯಾಕ್ಟೀರಿಯಾ ಮುಂದಕ್ಕೆ ಜಾರಿ ಕೊನೆಯ ಕೋಣೆಯಲ್ಲೂ ಕರುಳಿನಲ್ಲೂ ಜೀರ್ಣವಾಗುತ್ತವೆ. ಹುಲ್ಲು ಬ್ಯಾಕ್ಟೀರಿಯಾಕ್ಕೆ, ಬ್ಯಾಕ್ಟೀರಿಯಾ ದನಕ್ಕೆ.

ಇದು ಊಹೆಯಲ್ಲ. 1949ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಸ್ಲಿ ಮತ್ತು ಸಂಗಡಿಗರು ಕುರಿಗಳಿಗೆ ಯೂರಿಯಾ ಬಿಟ್ಟು ಬೇರೆ ಸಾರಜನಕವೇ ಇಲ್ಲದ ಮೇವು ಕೊಟ್ಟು, ಮೆಲುಕುಚೀಲದಲ್ಲಿ ಅತ್ಯಗತ್ಯ ಅಮೈನೊ ಆಮ್ಲಗಳೆಲ್ಲ ಹುಟ್ಟುವುದನ್ನು ತೋರಿಸಿದರು. ಫಿನ್ಲೆಂಡಿನ ನೊಬೆಲ್ ವಿಜ್ಞಾನಿ ವಿರ್ಟಾನೆನ್ 1966ರಲ್ಲಿ ಇನ್ನೂ ಮುಂದೆ ಹೋಗಿ, ಪ್ರೋಟೀನು ತೆಗೆದ ಮೇವಿಗೆ ಯೂರಿಯಾ, ಅಮೋನಿಯಂ ಲವಣ ಸೇರಿಸಿ ತಿನ್ನಿಸಿ ಹಸುಗಳಿಂದ ಹಾಲು ಕರೆದರು. (ಇದನ್ನು ಓದಿ ಯಾರೂ ಗೊಬ್ಬರದಂಗಡಿಯ ಯೂರಿಯಾವನ್ನು ಬಾನಿಗೆ ಸುರಿಯಬಾರದು. ಒಮ್ಮೆಗೇ ಹೆಚ್ಚಾದರೆ ಅಮೋನಿಯಾ ರಕ್ತಕ್ಕೇರಿ ದನ ಸಾಯುತ್ತದೆ. ಪಶುವೈದ್ಯರನ್ನು ಕೇಳದೆ ಕೊಡುವಂಥದ್ದಲ್ಲ.)

ಈಗ ಮೇವಿಗೆ ಒಂದು ಹಿಡಿ ಕಡಲೆಕಾಯಿ ಹಿಂಡಿ ಬೆರೆಸಿ. ಹಿಂಡಿಯ ಪ್ರೋಟೀನು ಒಡೆದು ಸಿದ್ಧ ಅಮೈನೊ ಆಮ್ಲಗಳು ಮೆಲುಕುಚೀಲದಲ್ಲಿ ತೇಲತೊಡಗುತ್ತವೆ. ಆಗ ಬ್ಯಾಕ್ಟೀರಿಯಾ ಅಮೋನಿಯಾದಿಂದ ತಯಾರಿಸುವುದನ್ನು ತಗ್ಗಿಸಿ ಸಿಕ್ಕಿದ್ದನ್ನು ಹೀರಿಕೊಳ್ಳುತ್ತವೆ. ಕಣ್ಣಿಲ್ಲ, ಮೂಗಿಲ್ಲ, ಮೆದುಳಿಲ್ಲ. ಹಿಂಡಿ ಬಿದ್ದದ್ದು ಅವಕ್ಕೆ ತಿಳಿದದ್ದು ಹೇಗೆ?

ದುಬಾರಿ ಸರಕು

ಅತಿ ದುಬಾರಿ ಅಮೈನೊ ಆಮ್ಲವನ್ನೇ ಹಿಡಿದು ನೋಡೋಣ. ಅದರ ಹೆಸರು ಟ್ರಿಪ್ಟೋಫ್ಯಾನ್. ಬ್ಯಾಕ್ಟೀರಿಯಾ ತನ್ನ ಶಕ್ತಿಯನ್ನು ಖರ್ಚು ಮಾಡುವುದು ಎಟಿಪಿ ಎಂಬ ಅಣುವಿನ ಲೆಕ್ಕದಲ್ಲಿ. ಗ್ಲೈಸೀನ್ ಎಂಬ ಸರಳ ಅಮೈನೊ ಆಮ್ಲ ಒಂದಕ್ಕೆ ಸುಮಾರು 12 ಎಟಿಪಿಯಷ್ಟು ಖರ್ಚಾದರೆ ಟ್ರಿಪ್ಟೋಫ್ಯಾನ್ ಒಂದಕ್ಕೆ ಸುಮಾರು 74. ಪುಕ್ಕಟೆ ಸಿಗುವಾಗ ಇದನ್ನು ಮಾಡುತ್ತ ಕೂತರೆ ಪಕ್ಕದ ಬ್ಯಾಕ್ಟೀರಿಯಾ ಆ ಶಕ್ತಿಯಲ್ಲಿ ಎರಡು ಮರಿ ಹಾಕಿ ಮುಂದೆ ಹೋಗಿರುತ್ತದೆ. 1967ರಲ್ಲಿ ಜಾಮೆನ್‌ಹಾಫ್ ಮತ್ತು ಐಕ್‌ಹಾರ್ನ್ ಈ ಪೈಪೋಟಿಯನ್ನು ನಿಜವಾಗಿಯೇ ನಡೆಸಿ ನೋಡಿದರು. ಸಿದ್ಧ ಆಹಾರ ಹಾಕಿದ ದ್ರಾವಣದಲ್ಲಿ, ತಯಾರಿಸುವ ಶಕ್ತಿಯನ್ನೇ ಕಳೆದುಕೊಂಡ ಬ್ಯಾಕ್ಟೀರಿಯಾ ತನ್ನ ಸಮರ್ಥ ದಾಯಾದಿಯನ್ನು ಹಿಂದಿಕ್ಕಿತು.

ಹಾಗೆಂದು ಶಕ್ತಿಯನ್ನು ಪೂರಾ ಕೈಬಿಡುವಂತೆಯೂ ಇಲ್ಲ. ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಜೀವನವನ್ನು ಗಮನಿಸಿ. ಅದಿರುವುದು ಮೆಲುಕುಚೀಲದಲ್ಲಿ ಹೆಚ್ಚಾಗಿ ಅಲ್ಲ, ಕೆಳಗಿನ ಕರುಳಿನಲ್ಲಿ. ದನದಲ್ಲೂ ಇದೆ, ನಮ್ಮಲ್ಲೂ ಇದೆ. ಇಂದು ಬೆಚ್ಚಗಿನ ಕರುಳು, ಒಮ್ಮೆ ಊಟ, ಒಮ್ಮೆ ಉಪವಾಸ. ನಾಳೆ ಹಂಗಳದ ತಿಪ್ಪೆ. ನಾಡಿದ್ದು ಲಾರಿಯಲ್ಲಿ ಘಟ್ಟ ದಾಟಿ ಯಾವುದೋ ಕಾಫಿ ಗಿಡದ ಬುಡ. ಹೀಗಿರುವಾಗ ಟ್ರಿಪ್ಟೋಫ್ಯಾನ್ ಮಾಡುವ ವಿದ್ಯೆ ಗೊತ್ತಿರಬೇಕು, ಆದರೆ ಇಲ್ಲದಿದ್ದಾಗ ಮಾತ್ರ ಮಾಡಬೇಕು.

ಆ ವಿದ್ಯೆ ಐದು ವಂಶವಾಹಿಗಳಲ್ಲಿ, ಅಂದರೆ ಐದು ಜೀನ್‌ಗಳಲ್ಲಿ ಅಡಗಿದೆ. ಐದೂ ಡಿಎನ್‌ಎಯಲ್ಲಿ ಒಂದರ ಪಕ್ಕ ಒಂದು ಕೂತಿವೆ. ಶುರುವಾದರೆ ಐದೂ ಒಟ್ಟಿಗೆ, ನಿಂತರೆ ಐದೂ ಒಟ್ಟಿಗೆ. ಇಂಥ ಜೊತೆಸಾಲಿಗೆ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಜಾಕೊಬ್ ಮತ್ತು ಮೊನೊ ಇಟ್ಟ ಹೆಸರು ಆಪರಾನ್. ಅವರಿಗೆ 1965ರ ನೊಬೆಲ್ ಬಂತು.

ಮೊದಲ ತಡೆ

ಜೊತೆಸಾಲಿನ ಬಾಗಿಲಲ್ಲೇ ಒಂದು ತಡೆ ಇದೆ. ಟ್ರಿಪ್ಟೋಫ್ಯಾನ್ ಹೇರಳವಾಗಿರುವಾಗ ಅದರ ಅಣುಗಳು ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಅಂಟಿದೊಡನೆ ಆ ಪ್ರೋಟೀನಿನ ಆಕಾರ ತುಸು ಬದಲಾಗಿ ಡಿಎನ್‌ಎಯ ಆರಂಭದ ಜಾಗದಲ್ಲಿ ಸರಿಯಾಗಿ ಕೂರುತ್ತದೆ, ನಕಲು ಶುರುವಾಗಲು ಬಿಡುವುದಿಲ್ಲ. ಟ್ರಿಪ್ಟೋಫ್ಯಾನ್ ತೀರಿದರೆ ಅದು ಕಳಚಿ ಬೀಳುತ್ತದೆ. ಈ ತಡೆಪ್ರೋಟೀನು ಉತ್ಪಾದನೆಯನ್ನು ಸುಮಾರು 70 ಪಟ್ಟು ಏರಿಳಿಸಬಲ್ಲದು. ಪಠ್ಯಪುಸ್ತಕಗಳು ಬಹಳ ವರ್ಷ ಇಲ್ಲಿಗೇ ನಿಲ್ಲುತ್ತಿದ್ದವು. ಸ್ವಾರಸ್ಯ ಇರುವುದು ಇದರಾಚೆ.

ಕತ್ತರಿಸಿದರೆ ಹೆಚ್ಚಾಯಿತು

ಚಾರ್ಲ್ಸ್ ಯಾನೋಫ್ಸ್ಕಿ (1925–2018) ಬಹುಕಾಲ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದವರು. ಇದೇ ಐದು ವಂಶವಾಹಿಗಳ ಹಿಂದೆ ದಶಕಗಟ್ಟಲೆ ಬಿದ್ದವರು. 1973ರಲ್ಲಿ ಅವರೂ ಅವರ ಸಹೋದ್ಯೋಗಿ ಜಾಕ್ಸನ್‌ರೂ ಒಂದು ವಿಚಿತ್ರವನ್ನು ವರದಿ ಮಾಡಿದರು. ಜೊತೆಸಾಲಿನ ಬಾಗಿಲಿಗೂ ಮೊದಲ ವಂಶವಾಹಿಗೂ ನಡುವೆ ಡಿಎನ್‌ಎಯ ಒಂದು ಚೂರು ಇದೆ. ಅದು ಯಾವ ಕಿಣ್ವದ ಬರಹವೂ ಅಲ್ಲ. ಅದರಲ್ಲಿ ಒಂದು ಭಾಗ ಕಳಚಿಹೋದ ಬ್ಯಾಕ್ಟೀರಿಯಾಗಳಲ್ಲಿ ಉತ್ಪಾದನೆ ಕುಗ್ಗಲಿಲ್ಲ, ಹೆಚ್ಚಿತು! ತಡೆಪ್ರೋಟೀನು ಇಲ್ಲದ ತಳಿಯಲ್ಲೂ ಹೆಚ್ಚಿತು. ಅಂದರೆ ಆ ಚೂರಿನಲ್ಲಿ ಎರಡನೆಯ ತಡೆಯೊಂದು ಕೂತಿದೆ.

ಆ ಚೂರಿನ ಉದ್ದ 162 ಅಕ್ಷರ. ಅದನ್ನು ಓದಿ ನೋಡಿದಾಗ ಒಳಗೆ ಒಂದು ಪುಟಾಣಿ ಪ್ರೋಟೀನಿನ ಬರಹ ಸಿಕ್ಕಿತು. ಬರೀ 14 ಅಮೈನೊ ಆಮ್ಲದ್ದು. ಅದಕ್ಕೆ ಬೇರೆ ಕೆಲಸವಿಲ್ಲ, ತಯಾರಾದರೂ ಬೇಗ ಕರಗಿಹೋಗುತ್ತದೆ. ಆದರೆ ಅದರ ಹತ್ತನೆಯ ಮತ್ತು ಹನ್ನೊಂದನೆಯ ಜಾಗದಲ್ಲಿ ಟ್ರಿಪ್ಟೋಫ್ಯಾನ್, ಟ್ರಿಪ್ಟೋಫ್ಯಾನ್. ಸಾಮಾನ್ಯ ಪ್ರೋಟೀನುಗಳಲ್ಲಿ ನೂರಕ್ಕೆ ಒಂದರಂತೆ ಕಾಣಿಸುವ ಈ ಅಪರೂಪದ ಕೊಂಡಿ ಹದಿನಾಲ್ಕರ ಸರದಲ್ಲಿ ಅಕ್ಕಪಕ್ಕ ಎರಡು! ಕಾಕತಾಳೀಯ ಎನ್ನಲು ಯಾನೋಫ್ಸ್ಕಿಯವರಿಗೆ ಮನಸ್ಸು ಬರಲಿಲ್ಲ.

ಹುರಿ ಏರಿದ ಹಗ್ಗ

ಮುಂದಿನದು ಅರ್ಥವಾಗಲು ಎರಡು ಪಾತ್ರಗಳನ್ನು ನೆನಪಿಡಿ. ಡಿಎನ್‌ಎಯ ಮೇಲೆ ಸಾಗುತ್ತ ಆರ್‌ಎನ್‌ಎ ಎಂಬ ಎಳೆಯನ್ನು ಹೊರತೆಗೆಯುವ ಯಂತ್ರ ಒಂದು. ಅದನ್ನು ನಕಲುಗಾರ ಎನ್ನೋಣ. ಆ ಎಳೆಯನ್ನು ಮೂರು ಮೂರು ಅಕ್ಷರದಂತೆ ಓದುತ್ತ ಅಮೈನೊ ಆಮ್ಲಗಳನ್ನು ಪೋಣಿಸುವ ರೈಬೋಸೋಮ್ ಇನ್ನೊಂದು, ಅದು ಜೋಡಣೆಗಾರ. ನಮ್ಮ ಜೀವಕೋಶದಲ್ಲಿ ನಕಲುಗಾರ ಕೋಶಕೇಂದ್ರದ ಗೋಡೆಯೊಳಗೆ, ಜೋಡಣೆಗಾರ ಹೊರಗೆ. ಬ್ಯಾಕ್ಟೀರಿಯಾದಲ್ಲಿ ಆ ಗೋಡೆ ಇಲ್ಲ. ನಕಲುಗಾರ ಮುಂದೆ ಎಳೆ ತೆಗೆಯುತ್ತಿರುವಾಗಲೇ ಜೋಡಣೆಗಾರ ಹಿಂದಿನಿಂದ ಅದೇ ಎಳೆಯನ್ನು ಹತ್ತಿ ಬರುತ್ತಿರುತ್ತದೆ. ಇಬ್ಬರ ನಡುವೆ ಉಳಿಯುವುದು ಒಂದು ತುಂಡು ಎಳೆ. ಇಡೀ ಆಟ ನಡೆಯುವುದು ಆ ತುಂಡಿನಲ್ಲಿ.

ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಗೊತ್ತು: ಹುರಿ ಏರಿದ ಹಗ್ಗವನ್ನು ಬಿಗಿಯಾಗಿ ಹಿಡಿದಿರುವ ತನಕ ನೆಟ್ಟಗಿರುತ್ತದೆ. ಒಂದು ಕಡೆ ಸಡಿಲ ಬಿಟ್ಟರೆ ಆ ಭಾಗ ತಾನಾಗಿ ಮಡಚಿಕೊಂಡು ಪಕ್ಕದ ಭಾಗದೊಂದಿಗೆ ಸುತ್ತಿ ಜಡೆಯಾಗುತ್ತದೆ. ಯಾವ ಭಾಗ ಯಾವುದರೊಂದಿಗೆ ಸುತ್ತಿಕೊಳ್ಳುತ್ತದೆ ಎಂಬುದು ನೀವು ಕೈಯಿಟ್ಟಿರುವುದು ಎಲ್ಲಿ ಎಂಬುದರ ಮೇಲೆ ನಿಂತಿದೆ. ಆರ್‌ಎನ್‌ಎ ಎಳೆಯೂ ಹೀಗೇ. ಅದರ ಅಕ್ಷರಗಳು ಹೊಂದುವ ಅಕ್ಷರ ಕಂಡರೆ ಜೋಡಿಯಾಗುತ್ತವೆ.

ಈ 162 ಅಕ್ಷರಗಳಲ್ಲಿ ಹೀಗೆ ಜಡೆಯಾಗಬಲ್ಲ ನಾಲ್ಕು ಭಾಗಗಳಿವೆ. ಒಂದು ಎರಡರೊಂದಿಗೆ ಸುತ್ತಿಕೊಳ್ಳಬಲ್ಲದು. ಎರಡು ಮೂರರೊಂದಿಗೆ. ಮೂರು ನಾಲ್ಕರೊಂದಿಗೆ. ಒಂದು ಭಾಗಕ್ಕೆ ಒಂದೇ ಜೊತೆ. ಎರಡರೊಂದಿಗೆ ಹೋದ ಮೂರು ನಾಲ್ಕಕ್ಕೆ ಸಿಗುವುದಿಲ್ಲ. ಟ್ರಿಪ್ಟೋಫ್ಯಾನ್ ಜೋಡಿಯ ಬರಹ ಇರುವುದು ಒಂದನೆಯ ಭಾಗದಲ್ಲಿ. ಮೂರು-ನಾಲ್ಕರ ಜಡೆಗೆ ಮಾತ್ರ ಒಂದು ವಿಶೇಷವಿದೆ: ಅದು ಕಟ್ಟಿಕೊಂಡರೆ ನಕಲುಗಾರ ಹಿಡಿತ ತಪ್ಪಿ ಡಿಎನ್‌ಎಯಿಂದ ಕಳಚಿ ಬೀಳುತ್ತದೆ. ಐದು ವಂಶವಾಹಿಗಳನ್ನು ಮುಟ್ಟುವ ಮೊದಲೇ ಕೆಲಸ ಮುಗಿಯುತ್ತದೆ.

ಆರಂಭದಲ್ಲಿ ಒಂದು-ಎರಡರ ಜಡೆ ಕಟ್ಟಿಕೊಂಡು ನಕಲುಗಾರನನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಹಿಂದಿನಿಂದ ಜೋಡಣೆಗಾರ ಬಂದು ಆ ಜಡೆಯನ್ನು ಬಿಡಿಸಿದ ಮೇಲೆ ಇಬ್ಬರೂ ಹೆಜ್ಜೆ ಹೊಂದಿಸಿ ಹೊರಡುತ್ತಾರೆ. ಈಗ ಟ್ರಿಪ್ಟೋಫ್ಯಾನ್ ಹೇರಳವಾಗಿದೆ ಎನ್ನಿ. ಜೋಡಣೆಗಾರ ಟ್ರಿಪ್ಟೋಫ್ಯಾನ್‌ನ ಎರಡೂ ಜಾಗಗಳನ್ನು ತಡವರಿಸದೆ ದಾಟಿ ಪುಟಾಣಿ ಪ್ರೋಟೀನಿನ ಕೊನೆಗೆ ಬರುತ್ತದೆ. ಅಲ್ಲಿ ಅದರ ದಪ್ಪ ಮೈ ಎರಡನೆಯ ಭಾಗದ ಮೇಲೆ ಬೀಳುತ್ತದೆ. ಕೈಯಿಟ್ಟ ಹಗ್ಗ ಸುತ್ತಿಕೊಳ್ಳುವುದಿಲ್ಲ. ಒಂಟಿಯಾಗಿ ಹೊರಬಂದ ಮೂರು, ಹಿಂದೆಯೇ ಬಂದ ನಾಲ್ಕನ್ನು ಹಿಡಿಯುತ್ತದೆ. ಜಡೆ ಕಟ್ಟಿತು, ನಕಲುಗಾರ ಬಿದ್ದಿತು.

ಟ್ರಿಪ್ಟೋಫ್ಯಾನ್ ಇಲ್ಲದಿದ್ದರೆ? ಜೋಡಣೆಗಾರ ಹತ್ತನೆಯ ಜಾಗಕ್ಕೆ ಬಂದು, ಬೇಕಾದ ಕೊಂಡಿ ಬರಲೆಂದು ಕಾಯುತ್ತ ಒಂದನೆಯ ಭಾಗದ ಮೇಲೇ ಕೂರುತ್ತದೆ. ನಕಲುಗಾರ ಕಾಯುವುದಿಲ್ಲ, ಎಳೆ ತೆಗೆಯುತ್ತ ಮುಂದೆ ಹೋಗುತ್ತದೆ. ಎರಡನೆಯ ಭಾಗ ಸಡಿಲವಾಗಿದೆ. ಮೂರು ಹೊರಬಂದೊಡನೆ ಎರಡರೊಂದಿಗೆ ಸುತ್ತಿಕೊಳ್ಳುತ್ತದೆ. ನಾಲ್ಕು ಹೊರಬರುವ ಹೊತ್ತಿಗೆ ಅದರ ಜೊತೆಗಾರ ಬೇರೆಯವರ ಪಾಲಾಗಿದೆ. ಬೀಳಿಸುವ ಜಡೆ ಕಟ್ಟಲಿಲ್ಲ. ನಕಲುಗಾರ ನೇರವಾಗಿ ಐದೂ ವಂಶವಾಹಿಗಳನ್ನು ನಕಲಿಸುತ್ತದೆ, ಟ್ರಿಪ್ಟೋಫ್ಯಾನ್ ತಯಾರಾಗತೊಡಗುತ್ತದೆ.

ಈ ನಡುದಾರಿಯ ನಿಲುಗಡೆಗೆ ವಿಜ್ಞಾನದಲ್ಲಿ ಅಟೆನ್ಯುಯೇಶನ್ ಎಂಬ ಹೆಸರು. ಹೇರಳವಾಗಿರುವಾಗ ಹೊರಟ ಹತ್ತು ನಕಲುಗಾರರಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ದಾಟುತ್ತದೆ. ಮೊದಲ ತಡೆಯ 70 ಪಟ್ಟಿಗೆ ಇದನ್ನು ಗುಣಿಸಿದರೆ ಟ್ರಿಪ್ಟೋಫ್ಯಾನ್ ಉತ್ಪಾದನೆಯನ್ನು 600–700 ಪಟ್ಟು ಏರಿಳಿಸುವ ಹತೋಟಿ ಸಿಗುತ್ತದೆ.

ನನಗೆ ಇದರಲ್ಲಿ ಹಿಡಿಸಿದ್ದು ಅದರ ಸೋಮಾರಿತನ. ಈ ಎರಡನೆಯ ತಡೆಗೆಂದು ಹೊಸ ತಡೆಪ್ರೋಟೀನು ಒಂದನ್ನೂ ಬ್ಯಾಕ್ಟೀರಿಯಾ ಕಟ್ಟಿಲ್ಲ. ಹೇಗೂ ನಡೆಯುತ್ತಿರುವ ಎರಡು ಕೆಲಸಗಳ ಓಟದಲ್ಲೇ ಅಳತೆಯನ್ನು ಸೇರಿಸಿಬಿಟ್ಟಿದೆ.

ಅಳೆಯುವುದು ಏನನ್ನು?

ಮೊದಲ ತಡೆ ಇರುವಾಗ ಎರಡನೆಯದು ಏಕೆ? ಎರಡೂ ಬೇರೆ ಬೇರೆಯದನ್ನು ಅಳೆಯುತ್ತವೆ. ತಡೆಪ್ರೋಟೀನು ನೋಡುವುದು ಕೋಶದಲ್ಲಿ ಎಷ್ಟು ಟ್ರಿಪ್ಟೋಫ್ಯಾನ್ ಇದೆ ಎಂದು. ಜೋಡಣೆಗಾರನಿಗೆ ಅದು ನೇರವಾಗಿ ಸಿಗುವುದಿಲ್ಲ. ಸಾಗಣೆ ಆರ್‌ಎನ್‌ಎ ಎಂಬ ಅಣುವಿನ ತುದಿಗೆ ಕಟ್ಟಿ ತಂದುಕೊಟ್ಟರೆ ಮಾತ್ರ ಪೋಣಿಸಬಲ್ಲದು. ಕಟ್ಟುವ ಕಿಣ್ವ ಕೆಟ್ಟ ತಳಿಗಳಲ್ಲಿ ಕೋಶದ ತುಂಬ ಟ್ರಿಪ್ಟೋಫ್ಯಾನ್ ಇದ್ದರೂ ಎರಡನೆಯ ತಡೆ ತೆರೆದುಕೊಳ್ಳುತ್ತದೆ. ದಾಸ್ತಾನು ಎಷ್ಟಿದೆ ಎಂಬುದಕ್ಕಿಂತ ಕೆಲಸಕ್ಕೆ ಒದಗುತ್ತಿದೆಯೇ ಎಂಬ ಪ್ರಶ್ನೆ ಹೆಚ್ಚು ಪ್ರಾಮಾಣಿಕ. ಅದಕ್ಕೇ ಈ ಉಪಾಯ ಟ್ರಿಪ್ಟೋಫ್ಯಾನಿಗಷ್ಟೇ ನಿಂತಿಲ್ಲ. ಹಿಸ್ಟಿಡೀನ್ ಜೊತೆಸಾಲಿನ ಮುಂದಿನ ಪುಟಾಣಿ ಪ್ರೋಟೀನಿನಲ್ಲಿ ಒಂದರ ಹಿಂದೆ ಒಂದು ಏಳು ಹಿಸ್ಟಿಡೀನ್. ಫಿನೈಲ್‌ಅಲನೀನ್‌ನದರಲ್ಲಿ 15ಕ್ಕೆ ಏಳು ಫಿನೈಲ್‌ಅಲನೀನ್. ಯಾವುದನ್ನು ಅಳೆಯಬೇಕೋ ಅದನ್ನೇ ಪುಟಾಣಿ ಪ್ರೋಟೀನಿನಲ್ಲಿ ತುರುಕಿದ್ದಾರೆ, ಅಲ್ಲಲ್ಲ, ವಿಕಾಸ ತುರುಕಿದೆ.

ಒಣಹುಲ್ಲಿನಲ್ಲೂ ಮಣ್ಣಿನಲ್ಲೂ ಇರುವ ಬ್ಯಾಸಿಲಸ್ ಸಬ್ಟಿಲಿಸ್ ಇದೇ ಕೆಲಸವನ್ನು ಬೇರೆ ರೀತಿ ಮಾಡುತ್ತದೆ. ಅದರಲ್ಲಿ 11 ತುಣುಕುಗಳ ಬಳೆಯಂಥ ಪ್ರೋಟೀನೊಂದಿದೆ. ಟ್ರಿಪ್ಟೋಫ್ಯಾನ್ ತುಂಬಿಕೊಂಡಾಗ ಆರ್‌ಎನ್‌ಎ ಎಳೆ ಅದರ ಸುತ್ತ ಸುತ್ತಿಕೊಂಡು ನಕಲು ನಿಲ್ಲುತ್ತದೆ. ಫಲ ಒಂದೇ.

ಯಾವುದೇ ಅಮೈನೊ ಆಮ್ಲ ಪೂರಾ ತೀರಿದರೆ ಇನ್ನೊಂದು ಎಚ್ಚರಿಕೆ ಮೊಳಗುತ್ತದೆ. ಕೊಂಡಿಯಿಲ್ಲದೆ ಬರಿಗೈಯಲ್ಲಿ ಬಂದ ಸಾಗಣೆ ಆರ್‌ಎನ್‌ಎ ಕಂಡೊಡನೆ ಬ್ಯಾಕ್ಟೀರಿಯಾ ಪಿಪಿಜಿಪಿಪಿ ಎಂಬ ಸಣ್ಣ ಅಣುವನ್ನು ತಯಾರಿಸಿ, ಬೆಳವಣಿಗೆಯ ಕೆಲಸಗಳನ್ನೆಲ್ಲ ತಗ್ಗಿಸಿಬಿಡುತ್ತದೆ. 1969ರಲ್ಲಿ ಇದನ್ನು ಕಂಡ ಕ್ಯಾಶೆಲ್ ಮತ್ತು ಗ್ಯಾಲಂಟ್ ಅದು ಏನೆಂದು ಗೊತ್ತಾಗದೆ ‘ಮ್ಯಾಜಿಕ್ ಸ್ಪಾಟ್’ ಎಂದು ಕರೆದಿದ್ದರು. ಈ ಅಣು ನಕಲುಗಾರನ ಮೈಗೇ ಅಂಟುವುದನ್ನು 1998ರಲ್ಲಿ ತೋರಿಸಿದವರಲ್ಲಿ ದೀಪಂಕರ್ ಚಟರ್ಜಿ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಈ ಹಸಿವಿನ ಸಂಕೇತದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು.

ತಡೆ ಮುರಿದರೆ

ಮೇಲಿನ ತಡೆಗಳ ಜೊತೆಗೆ ಬ್ಯಾಕ್ಟೀರಿಯಾದಲ್ಲಿ ಇನ್ನೂ ಸರಳವಾದ ಒಂದು ತಡೆ ಇದೆ. ತಯಾರಾದ ಅಮೈನೊ ಆಮ್ಲ ಹೆಚ್ಚಾದರೆ ಅದೇ ಹಿಂದಿರುಗಿ ಬಂದು, ತನ್ನನ್ನು ತಯಾರಿಸುವ ಮೊದಲ ಕಿಣ್ವಕ್ಕೆ ಅಂಟಿ ಅದನ್ನು ನಿಲ್ಲಿಸುತ್ತದೆ. ವಂಶವಾಹಿ ಮುಚ್ಚುವವರೆಗೆ ಕಾಯಬೇಕಿಲ್ಲ, ತಕ್ಷಣ ನಿಲ್ಲುತ್ತದೆ.

ಈ ತಡೆಯನ್ನು ಬೇಕೆಂದೇ ಮುರಿದರೆ ಏನಾಗುತ್ತದೆ? ಜಪಾನಿನ ಕ್ಯೋವಾ ಹಾಕ್ಕೊ ಕಂಪನಿಯಲ್ಲಿ ಕಿನೋಶಿಟ ಮತ್ತು ಸಂಗಡಿಗರು 1950ರ ದಶಕದಲ್ಲಿ ಮಣ್ಣಿನ ಬ್ಯಾಕ್ಟೀರಿಯಾವೊಂದನ್ನು ಕಂಡುಹಿಡಿದರು. ಅದೇ ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಂ. ಇದರಲ್ಲಿ ಲೈಸೀನ್ ಮತ್ತು ಥ್ರಿಯೊನೀನ್ ಎರಡೂ ಒಟ್ಟಿಗೆ ಹೆಚ್ಚಾದಾಗ ಲೈಸೀನ್ ದಾರಿಯ ಮೊದಲ ಕಿಣ್ವ ನಿಲ್ಲುತ್ತದೆ. ಥ್ರಿಯೊನೀನ್ ಮಾಡಲಾರದ ತಳಿಯನ್ನು ಆರಿಸಿ ಅರೆಹೊಟ್ಟೆಯಲ್ಲಿಟ್ಟರೆ ಆ ಕಿಣ್ವಕ್ಕೆ ನಿಲ್ಲುವ ಸೂಚನೆಯೇ ಬರುವುದಿಲ್ಲ. ಲೈಸೀನ್ ಮಾಡಿದ್ದೇ ಮಾಡಿದ್ದು, ಕೋಶದಿಂದ ಹೊರಗೆ ಸುರಿದದ್ದೇ ಸುರಿದದ್ದು. ಇಂಥ ಹತೋಟಿ ತಪ್ಪಿದ ತಳಿಗಳನ್ನು ಬೃಹತ್ ತೊಟ್ಟಿಗಳಲ್ಲಿ ಬೆಳೆಸಿ ಈಗ ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಟನ್‌ಗೂ ಹೆಚ್ಚು ಲೈಸೀನ್ ತೆಗೆಯುತ್ತಾರೆ.

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ರೈತರು ಬೆಳೆಯುವ ಮುಸುಕಿನ ಜೋಳಕ್ಕೂ ಇದಕ್ಕೂ ಸಂಬಂಧವಿದೆ. ಕೋಳಿ ಆಹಾರಕ್ಕೆ ಮುಖ್ಯ ಕಾಳು ಮುಸುಕಿನ ಜೋಳ. ಅದರಲ್ಲಿ ಲೈಸೀನ್ ಕಡಿಮೆ, ಟ್ರಿಪ್ಟೋಫ್ಯಾನೂ ಕಡಿಮೆ. ಕೋಳಿಗೆ ದನದಂತೆ ಮೆಲುಕುಚೀಲವಿಲ್ಲ, ಒಳಗಿನಿಂದ ತಯಾರಿಸಿ ಕೊಡುವವರಿಲ್ಲ. ಆದ್ದರಿಂದ ಕೊರತೆಯನ್ನು ಹೊರಗಿನಿಂದ ತುಂಬಬೇಕು. ಕೋಳಿ ಆಹಾರದ ಚೀಲ ಕೈಗೆ ಸಿಕ್ಕರೆ ಮೇಲಿನ ಚೀಟಿ ಓದಿ. ಅದರಲ್ಲಿ ಎಲ್-ಲೈಸೀನ್ ಎಂಬ ಹೆಸರಿದ್ದರೆ, ಅದು ನಿಲ್ಲಿಸುವುದನ್ನು ಮರೆತ ಬ್ಯಾಕ್ಟೀರಿಯಾ ತಯಾರಿಸಿದ್ದು.